ಡೆಲ್ಟಾ ಸೆಫೈ ಅತಿ ಹೆಚ್ಚು ಹೊಳೆಯುವ ಹೊತ್ತಿಗೆ ಅದರ ಗಾತ್ರವೂ ಅತಿ ದೊಡ್ಡದಾಗಿರುತ್ತದೆಯೇ?

ಪ್ರಶ್ನೆ: ಉತ್ತರದಿಕ್ಕು

ಎಲ್ಲರಿಗೂ ನಮಸ್ಕಾರ. ಕಳೆದ ಆರು ವಾರಗಳಿಂದ ಸೆಫಿಯಸ್ ಪುಂಜದ, ಅಂದರೆ ಕನ್ನಡದಲ್ಲಿ ಯುಧಿಷ್ಠಿರ ಎಂದೂ ಕರೆಯುವ ಪುಂಜದ, ಡೆಲ್ಟಾ ನಕ್ಷತ್ರವನ್ನು ಬರಿಗಣ್ಣಿನಿಂದ ಗಮನಿಸುತ್ತಿದ್ದೇನೆ. ಮೋಡವಿಲ್ಲದ ಪ್ರತಿ ರಾತ್ರಿಯೂ ಅದರ ಹೊಳಪನ್ನು ಪಕ್ಕದ ಎರಡು ನಕ್ಷತ್ರಗಳೊಂದಿಗೆ ಹೋಲಿಸಿ ಬರೆದಿಟ್ಟುಕೊಳ್ಳುತ್ತೇನೆ. ಝೀಟಾ ಸೆಫೈ 3.4ರ ಉಜ್ಜ್ವಲಾಂಕದ್ದು, ಎಪ್ಸಿಲಾನ್ ಸೆಫೈ 4.2ರದ್ದು. ಅಂಕ ಹೆಚ್ಚಿದಷ್ಟೂ ನಕ್ಷತ್ರ ಮಂಕು ಎಂಬುದನ್ನು ಹೊಸಬರಿಗಾಗಿ ಹೇಳುತ್ತಿದ್ದೇನೆ. ಈ ಎರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ, ಡೆಲ್ಟಾ ಎಷ್ಟನೆಯ ಪಾಲಿನಲ್ಲಿದೆ ಎಂದು ಅಂದಾಜಿಸುವುದು ನನ್ನ ಕ್ರಮ.

ಒಂದು ಸುತ್ತಿನ ಟಿಪ್ಪಣಿ ಹೀಗಿದೆ. ಮೊದಲ ರಾತ್ರಿ ಡೆಲ್ಟಾ ಹೆಚ್ಚುಕಡಿಮೆ ಝೀಟಾದಷ್ಟೇ ಹೊಳೆಯುತ್ತಿತ್ತು. ಎರಡನೆಯ ರಾತ್ರಿ ಒಂದು ಪಾಲು ಇಳಿದಿತ್ತು, ಮೂರನೆಯ ರಾತ್ರಿ ಮೂರು ಪಾಲು. ನಾಲ್ಕನೆಯ ರಾತ್ರಿ ಎಪ್ಸಿಲಾನ್‌ನೊಂದಿಗೆ ಸರಿಸಮನಾಗಿತ್ತು, ಐದನೆಯ ರಾತ್ರಿ ಅದಕ್ಕಿಂತಲೂ ತುಸು ಮಂಕಾಗಿತ್ತು. ಆರನೆಯ ರಾತ್ರಿ ನೋಡಿದರೆ ಅದು ಮತ್ತೆ ಝೀಟಾದ ಕಡೆಗೆ ಅರ್ಧ ದಾರಿ ಏರಿತ್ತು. ನಾಲ್ಕು ದಿನ ನಿಧಾನವಾಗಿ ಇಳಿದದ್ದು ಒಂದೇ ದಿನದಲ್ಲಿ ಅಷ್ಟು ಏರಿದ್ದನ್ನು ಕಣ್ಣಾರೆ ಕಂಡ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನನ್ನ ಸಂದೇಹಗಳು ಎರಡು. ಇದು ಹಳದಿ ಮಹಾದೈತ್ಯ ನಕ್ಷತ್ರವೆಂದೂ, ಇದರ ಮೇಲ್ಮೈಯ ಉಷ್ಣತೆ ಸೂರ್ಯನದಕ್ಕಿಂತ ಬಹಳ ಬೇರೆಯಲ್ಲವೆಂದೂ, ಆದರೂ ಇದು ಸೂರ್ಯನ ಸುಮಾರು 2,000 ಪಟ್ಟು ಬೆಳಕು ಸೂಸುತ್ತದೆಂದೂ ಓದಿದ್ದೇನೆ. ಉಷ್ಣತೆ ಒಂದೇ ಬಗೆಯದಾಗಿದ್ದರೆ ಇಷ್ಟು ಬೆಳಕು ಎಲ್ಲಿಂದ ಬರುತ್ತದೆ? ಎರಡನೆಯದಾಗಿ, ಈ ನಕ್ಷತ್ರ ಹಿಗ್ಗುತ್ತ ಕುಗ್ಗುತ್ತ ಇರುವುದರಿಂದ ಅದರ ಹೊಳಪು ಬದಲಾಗುತ್ತದೆ ಎನ್ನುತ್ತಾರೆ. ಹಾಗಾದರೆ ಪೂರ್ತಿ ಹಿಗ್ಗಿದಾಗ ಅತಿ ಹೆಚ್ಚು ಹೊಳೆದು, ಪೂರ್ತಿ ಕುಗ್ಗಿದಾಗ ಅತಿ ಮಂಕಾಗುತ್ತದೆ ಎಂದು ತಿಳಿಯಬಹುದೇ? ಆದರೆ ಹಿಗ್ಗಿ ಕುಗ್ಗುವ ವಸ್ತು ಹೋದ ವೇಗದಲ್ಲೇ ಮರಳಬೇಕಲ್ಲವೇ? ಇಳಿಕೆ ನಿಧಾನ, ಏರಿಕೆ ಚುರುಕು ಏಕೆ ಎಂಬುದು ನನ್ನ ಊಹೆಗೆ ನಿಲುಕುತ್ತಿಲ್ಲ.

ಉತ್ತರ 1: ರೋಹಿತರೇಖೆ

ಉತ್ತರದಿಕ್ಕು ಅವರೇ, ನಿಮ್ಮ ಟಿಪ್ಪಣಿ ಬಹಳ ಚೆನ್ನಾಗಿದೆ. ಈ ನಕ್ಷತ್ರದ ಅವಧಿ 5.366 ದಿನ, ಅಂದರೆ 5 ದಿನ 8 ಗಂಟೆ 47 ನಿಮಿಷ. ಅದರ ಉಜ್ಜ್ವಲಾಂಕ ಸುಮಾರು 3.5ರಿಂದ 4.4ರವರೆಗೆ ಓಡಾಡುತ್ತದೆ. ಏರಿಕೆಗೆ ಒಂದೂವರೆ ದಿನಕ್ಕಿಂತ ಹೆಚ್ಚು ಬೇಕಾಗುವುದಿಲ್ಲ, ಉಳಿದ ಕಾಲವೆಲ್ಲ ಇಳಿಕೆಗೆ. ನೀವು ಬರಿಗಣ್ಣಿನಿಂದ ಕಂಡದ್ದು ಇದೇ.

ಮೊದಲ ಪ್ರಶ್ನೆಗೆ ಬರುತ್ತೇನೆ. ಒಂದು ನಕ್ಷತ್ರದ ಮೇಲ್ಮೈಯ ಪ್ರತಿ ಚದರ ಮೀಟರು ಎಷ್ಟು ಬೆಳಕು ಹೊಮ್ಮಿಸುತ್ತದೆ ಎಂಬುದನ್ನು ಅದರ ಉಷ್ಣತೆ ನಿರ್ಧರಿಸುತ್ತದೆ. ಅಂಥ ಚದರ ಮೀಟರುಗಳು ಎಷ್ಟಿವೆ ಎಂಬುದನ್ನು ಅದರ ಗಾತ್ರ ನಿರ್ಧರಿಸುತ್ತದೆ. ಡೆಲ್ಟಾ ಸೆಫೈಯ ತ್ರಿಜ್ಯ ಸೂರ್ಯನ ತ್ರಿಜ್ಯದ ಸುಮಾರು 44 ಪಟ್ಟು. ಮೇಲ್ಮೈಯ ವಿಸ್ತಾರ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ 44ನ್ನು 44ರಿಂದ ಗುಣಿಸಿದರೆ 1,936 ಬರುತ್ತದೆ. ನೀವು ಓದಿದ 2,000 ಪಟ್ಟಿನ ಗುಟ್ಟು ಬಹುಪಾಲು ಇಷ್ಟೇ. ಈ ನಕ್ಷತ್ರವನ್ನು ಸೂರ್ಯನ ಜಾಗದಲ್ಲಿ ಇಟ್ಟರೆ ಅದರ ಅಂಚು ಬುಧನ ಕಕ್ಷೆಯ ಅರ್ಧ ದೂರದವರೆಗೆ ಚಾಚಿಕೊಳ್ಳುತ್ತದೆ. ಹಬಲ್ ದೂರದರ್ಶಕದಿಂದ ಅಳೆದು 2002ರಲ್ಲಿ ಪ್ರಕಟಿಸಿದ ಪ್ಯಾರಲಾಕ್ಸ್, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ತುಸು ಸರಿದಂತೆ ಕಾಣುವ ಕೋನದ, ಪ್ರಕಾರ ಇದು ನಮ್ಮಿಂದ ಸುಮಾರು 890 ಜ್ಯೋತಿರ್ವರ್ಷ ದೂರದಲ್ಲಿದೆ. ಅಷ್ಟು ದೂರದಲ್ಲಿ ನಮ್ಮ ಸೂರ್ಯನಿದ್ದರೆ ಅದರ ಉಜ್ಜ್ವಲಾಂಕ 12ರಷ್ಟಾಗಿ, ಬರಿಗಣ್ಣಿಗಂತೂ ಕಾಣುವ ಮಾತೇ ಇರಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ, ಅದು ಪೂರ್ತಿ ಹಿಗ್ಗಿದಾಗ ಅತಿ ಹೆಚ್ಚು ಹೊಳೆಯುವುದಿಲ್ಲ. ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

3.5ಕ್ಕೂ 4.4ಕ್ಕೂ ನಡುವಿನ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಸುಮಾರು 2.3 ಪಟ್ಟು. ಆದರೆ ಈ ನಕ್ಷತ್ರದ ತ್ರಿಜ್ಯ ಒಂದು ಸುತ್ತಿನಲ್ಲಿ ಬದಲಾಗುವುದು ಸರಿಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ. ಅಷ್ಟೆಂದರೂ ಅದು 30 ಲಕ್ಷ ಕಿಲೋಮೀಟರು ಎಂಬುದು ಬೇರೆ ಮಾತು. ತ್ರಿಜ್ಯ ಹತ್ತನೆಯ ಒಂದು ಭಾಗ ಹೆಚ್ಚಿದರೆ ಮೇಲ್ಮೈ ಸುಮಾರು 1.2 ಪಟ್ಟು ಆಗುತ್ತದೆ, ಅಷ್ಟರಿಂದ 2.3 ಪಟ್ಟು ಬೆಳಕು ಬರಲಾರದು. ಕೊರತೆಯನ್ನು ತುಂಬುವುದು ಉಷ್ಣತೆ. ಡೆಲ್ಟಾ ಸೆಫೈಯ ಮೇಲ್ಮೈ ಮಂಕಾಗಿದ್ದಾಗ ಸುಮಾರು 5,500 ಕೆಲ್ವಿನ್‌ನಲ್ಲಿಯೂ, ಹೊಳೆಯುವಾಗ ಸುಮಾರು 6,600 ಕೆಲ್ವಿನ್‌ನಲ್ಲಿಯೂ ಇರುತ್ತದೆ. ಹೊಮ್ಮುವ ಶಕ್ತಿ ಉಷ್ಣತೆಯ ನಾಲ್ಕನೆಯ ಘಾತಕ್ಕೆ ತಕ್ಕಂತೆ ಹೆಚ್ಚುವುದರಿಂದ, 1.2 ಪಟ್ಟು ಬಿಸಿಯಾದರೆ ಬೆಳಕು ಎರಡು ಪಟ್ಟಾಗುತ್ತದೆ. ಹೀಗೆ ಕಣ್ಣಿಗೆ ಕಾಣುವ ಏರಿಳಿತದಲ್ಲಿ ಉಷ್ಣತೆಯದ್ದೇ ದೊಡ್ಡ ಪಾಲು, ಗಾತ್ರದ್ದು ಸಣ್ಣ ಪಾಲು.

ಇದು ರೋಹಿತದಲ್ಲಿಯೂ, ಅಂದರೆ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿಯೂ, ಕಾಣುತ್ತದೆ. ಹೊಳಪಿನ ತುದಿಯಲ್ಲಿ ನಕ್ಷತ್ರ ಎಫ್5 ಎಂಬ ಉಷ್ಣತೆಯ ವರ್ಗದ್ದಾಗಿರುತ್ತದೆ, ತಳದಲ್ಲಿ ಅದಕ್ಕಿಂತ ತಂಪಾದ ಜಿ1ರ ಆಸುಪಾಸಿಗೆ ಬರುತ್ತದೆ. ನಮ್ಮ ಸೂರ್ಯ ಜಿ2. ಅಂದರೆ ನಿಮ್ಮ ಐದನೆಯ ರಾತ್ರಿಯ ಡೆಲ್ಟಾ, ರೋಹಿತದ ಲೆಕ್ಕದಲ್ಲಿ, ಸೂರ್ಯನ ನೆರೆಹೊರೆಯಲ್ಲಿತ್ತು.

ಹಾಗಾದರೆ ಗಾತ್ರ ಯಾವಾಗ ಎಷ್ಟಿರುತ್ತದೆ? 1894ರಲ್ಲಿ ರಷ್ಯಾದ ಖಗೋಳ ವಿಜ್ಞಾನಿ ಬೆಲೋಪೋಲ್ಸ್ಕಿ ಅವರು ಈ ನಕ್ಷತ್ರದ ರೋಹಿತ ರೇಖೆಗಳು ಹಿಂದಕ್ಕೂ ಮುಂದಕ್ಕೂ ಸರಿಯುವುದನ್ನು ಗುರುತಿಸಿದರು. ಬೆಳಕು ಸೂಸುವ ಮೇಲ್ಮೈ ನಮ್ಮತ್ತ ಬಂದರೆ ಅಥವಾ ದೂರ ಹೋದರೆ ರೇಖೆಗಳು ಹಾಗೆ ಸರಿಯುತ್ತವೆ, ಆದ್ದರಿಂದ ಆ ಕಾಲಕ್ಕೆ ಅದನ್ನು ಜೋಡಿ ನಕ್ಷತ್ರದ ಸುತ್ತಾಟವೆಂದು ಭಾವಿಸಲಾಗಿತ್ತು. 1914ರಲ್ಲಿ ಹಾರ್ಲೋ ಶಾಪ್ಲಿ ಅವರು ಆ ವಿವರಣೆ ಸಲ್ಲದೆಂದೂ, ನಕ್ಷತ್ರವೇ ಮಿಡಿಯುತ್ತಿದೆಯೆಂದೂ ವಾದಿಸಿದರು. ರೇಖೆಗಳ ಸರಿತದಿಂದ ಮೇಲ್ಮೈಯ ವೇಗವನ್ನೂ, ವೇಗದಿಂದ ಗಾತ್ರವನ್ನೂ ಲೆಕ್ಕ ಹಾಕಿದಾಗ ತಿಳಿದದ್ದು ಇದು: ನಕ್ಷತ್ರ ಅತಿ ಹೆಚ್ಚು ಹೊಳೆಯುವ ಹೊತ್ತಿಗೆ ಅದರ ಮೇಲ್ಮೈ ಅತಿ ವೇಗವಾಗಿ ನಮ್ಮತ್ತ ನುಗ್ಗುತ್ತಿರುತ್ತದೆ, ಮತ್ತು ಗಾತ್ರ ಸರಾಸರಿಯ ಹತ್ತಿರ ಇರುತ್ತದೆ. ಅತಿ ದೊಡ್ಡ ಗಾತ್ರವನ್ನು ಅದು ಮುಟ್ಟುವುದು ಸುಮಾರು ಎರಡು ದಿನಗಳ ನಂತರ, ಹೊಳಪು ಇಳಿಯುತ್ತಿರುವಾಗ. ಅತಿ ಚಿಕ್ಕದಾಗುವುದು ಮಂಕಿನಿಂದ ಹೊಳಪಿಗೆ ಏರುವ ದಾರಿಯಲ್ಲಿ. ಒಂದೇ ಗಾತ್ರವನ್ನು ಅದು ಪ್ರತಿ ಸುತ್ತಿನಲ್ಲಿ ಎರಡು ಸಲ ಹಾಯ್ದುಹೋಗುತ್ತದೆ. ಒಮ್ಮೆ ಹೊರಕ್ಕೆ ಹೋಗುವಾಗ ಬಿಸಿಯಾಗಿ, ಇನ್ನೊಮ್ಮೆ ಒಳಕ್ಕೆ ಬೀಳುವಾಗ ತಣ್ಣಗಾಗಿ.

ನಿಮ್ಮ ಊಹೆ ಪೂರ್ತಿ ತಪ್ಪೇನಲ್ಲ ಎಂದೂ ಹೇಳಬೇಕು. ಅವಕೆಂಪು ಕಿರಣಗಳಲ್ಲಿ ಅಳೆದರೆ ಉಷ್ಣತೆಯ ಪ್ರಭಾವ ಬಹಳ ತಗ್ಗಿ, ಏರಿಳಿತ ಸಣ್ಣದಾಗಿ, ಹೊಳಪಿನ ತುದಿ ಗಾತ್ರದ ತುದಿಯ ಹತ್ತಿರಕ್ಕೆ ಸರಿಯುತ್ತದೆ. ನೀಲಿ ಬೆಳಕಿನಲ್ಲಿ ಅಳೆದರೆ ಇದಕ್ಕೆ ತದ್ವಿರುದ್ಧವಾಗಿ ಏರಿಳಿತ ಇನ್ನೂ ದೊಡ್ಡದು. ನಮ್ಮ ಕಣ್ಣು ನೋಡುವ ಬೆಳಕು ಇವೆರಡರ ನಡುವೆ ಇದೆ.

ಉತ್ತರ 2: ಹಳೆಯ ದುರ್ಬೀನು

ಮೇಲಿನ ವಿವರಣೆಗೆ ನೋಡುವವರ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಹಳದಿ ಎಂಬ ಹೆಸರನ್ನು ನಂಬಿ ಹಳದಿ ಚುಕ್ಕೆಯನ್ನು ಹುಡುಕಬೇಡಿ. ನಾಲ್ಕನೆಯ ಉಜ್ಜ್ವಲಾಂಕದ ಸುತ್ತಮುತ್ತಲಿನ ನಕ್ಷತ್ರಗಳ ಬಣ್ಣವನ್ನು ಬರಿಗಣ್ಣು ಸರಿಯಾಗಿ ಗ್ರಹಿಸುವುದಿಲ್ಲ, ಡೆಲ್ಟಾ ಬಹುತೇಕ ಬೆಳ್ಳಗೇ ಕಾಣುತ್ತದೆ. ಸಣ್ಣ ದೂರದರ್ಶಕದಲ್ಲಿ ನೋಡಿದಾಗ ಮಾತ್ರ ಅದರ ಕೆನೆಬಣ್ಣ ಎದ್ದು ಬರುತ್ತದೆ, ಏಕೆಂದರೆ 41 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ) ದೂರದಲ್ಲಿ ಆರನೆಯ ಉಜ್ಜ್ವಲಾಂಕದ ನೀಲಿಛಾಯೆಯ ಒಂದು ಜೊತೆ ನಕ್ಷತ್ರ ಇದ್ದು, ಪಕ್ಕದಲ್ಲಿ ನೀಲಿ ಇರುವುದರಿಂದ ಇದರ ಹಳದಿ ಕಣ್ಣಿಗೆ ಒಪ್ಪುತ್ತದೆ.

ಹೋಲಿಕೆಗೆ ನೀವು ಆರಿಸಿಕೊಂಡ ಎರಡು ನಕ್ಷತ್ರಗಳು ಸರಿಯಾದವು. ಮೂರೂ ಒಂದು ಪುಟ್ಟ ತ್ರಿಕೋನದಲ್ಲಿ ಇರುವುದರಿಂದ ದಿಗಂತದ ಹತ್ತಿರದ ಮಬ್ಬು ಮೂರನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಕುಗ್ಗಿಸುತ್ತದೆ. ಆದರೆ ಝೀಟಾ ಕಿತ್ತಳೆ ಬಣ್ಣದ್ದು. ಕೆಂಪಿನ ಕಡೆಗೆ ವಾಲಿದ ನಕ್ಷತ್ರವನ್ನು ದಿಟ್ಟಿಸಿ ನೋಡುತ್ತ ಕುಳಿತರೆ ಅದು ಇದ್ದುದಕ್ಕಿಂತ ಹೆಚ್ಚು ಹೊಳೆಯುವಂತೆ ಭಾಸವಾಗುತ್ತದೆ. ಆದ್ದರಿಂದ ಬೇಗ ಬೇಗ ಕಣ್ಣು ಹೊರಳಿಸಿ ಹೋಲಿಸಿ, ಮೊದಲು ತೋಚಿದ ಅಂದಾಜನ್ನೇ ಬರೆದುಕೊಳ್ಳಿ. ಹತ್ತಿರದಲ್ಲೇ ಇರುವ ಮ್ಯೂ ಸೆಫೈಯನ್ನು ಮಾತ್ರ ಎಂದಿಗೂ ಹೋಲಿಕೆಗೆ ಬಳಸಬೇಡಿ. ಆ ಕೆಂಪು ಮಹಾದೈತ್ಯ ತಾನೇ ಚಂಚಲ ತಾರೆ, ಅದರ ಹೊಳಪೂ ಬದಲಾಗುತ್ತಿರುತ್ತದೆ.

ನೀವು ಮಾಡುತ್ತಿರುವ ಕೆಲಸವನ್ನೇ 1784ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್ರಿಕ್ ಎಂಬ ಕಿವುಡ ತರುಣ ಮಾಡಿದ. ಅದೇ ವರ್ಷ ಅವನ ನೆರೆಯವನೂ ಗೆಳೆಯನೂ ಆದ ಎಡ್ವರ್ಡ್ ಪಿಗಟ್, ಈಟಾ ಅಕ್ವಿಲೆ ಎಂಬ ಇನ್ನೊಂದು ಹಳದಿ ಮಹಾದೈತ್ಯ ಏಳು ದಿನಗಳಿಗೊಮ್ಮೆ ಮಿಡಿಯುವುದನ್ನು ಕಂಡಿದ್ದ. ಗುಡ್ರಿಕ್ 1786ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ 21 ವರ್ಷ. ಅವನು ಬರೆದಿಟ್ಟ ಅಂದಾಜುಗಳು ಇಂದಿಗೂ ಬಳಕೆಯಲ್ಲಿವೆ. ಈ ನಕ್ಷತ್ರದ ಅವಧಿ ವರ್ಷಕ್ಕೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತಿದೆ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಅಂದಿನಿಂದ ಹದಿನಾರು ಸಾವಿರದಷ್ಟು ಸುತ್ತುಗಳು ಕಳೆದಿರುವುದರಿಂದ, ಗುಡ್ರಿಕ್‌ನ ಕಾಲದ ಅವಧಿಯನ್ನೇ ಹಿಡಿದು ಇಂದಿನ ಹೊಳಪಿನ ತುದಿಯನ್ನು ಲೆಕ್ಕ ಹಾಕಿದರೆ ಎರಡು ದಿನಕ್ಕೂ ಮಿಕ್ಕಿ ತಪ್ಪುತ್ತದೆ. ಬರಿಗಣ್ಣಿನ ಹಳೆಯ ಟಿಪ್ಪಣಿಗಳನ್ನು ಯಾರಾದರೂ ಹಗುರವಾಗಿ ಕಂಡರೆ ನನಗೆ ನೋವಾಗುವುದು ಇದಕ್ಕೇ.

ಉತ್ತರದಿಕ್ಕು (ಪ್ರಶ್ನೆ ಕೇಳಿದವರು)

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಾನು ಗಾತ್ರವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡು ಉಷ್ಣತೆಯನ್ನು ಮರೆತಿದ್ದೆ. ಆದರೆ ಈಗ ಇನ್ನೊಂದು ಸಂದೇಹ ಹುಟ್ಟಿದೆ. ಜೋಕಾಲಿಯನ್ನು ಒಮ್ಮೆ ತಳ್ಳಿ ಬಿಟ್ಟರೆ ಕೆಲವು ತೂಗಾಟಗಳ ನಂತರ ಅದು ನಿಂತುಹೋಗುತ್ತದೆ. ಈ ನಕ್ಷತ್ರ ಗುಡ್ರಿಕ್‌ನ ಕಾಲದಿಂದ ಇಂದಿನವರೆಗೆ ದಣಿಯದೆ ಮಿಡಿಯುತ್ತಿದೆಯಲ್ಲ, ಅದನ್ನು ಪ್ರತಿ ಸಲವೂ ತಳ್ಳುವವರು ಯಾರು? ಎಲ್ಲ ಹಳದಿ ಮಹಾದೈತ್ಯಗಳೂ ಹೀಗೆಯೇ ಮಿಡಿಯುತ್ತವೆಯೇ?

ಉತ್ತರ 3: ತಾರಾಪಥ

ಜೋಕಾಲಿಯ ಹೋಲಿಕೆ ಇಲ್ಲಿ ಚೆನ್ನಾಗಿ ಸಲ್ಲುತ್ತದೆ, ಏಕೆಂದರೆ ಸಾಮಾನ್ಯ ನಕ್ಷತ್ರವೊಂದನ್ನು ಅದುಮಿ ಬಿಟ್ಟರೂ ಅದರ ತೂಗಾಟ ಬೇಗನೆ ನಿಂತುಹೋಗುತ್ತದೆ. ಅದುಮಿದಾಗ ಅನಿಲ ಬಿಸಿಯಾಗುತ್ತದೆ, ಬಿಸಿಯಾದ ಅನಿಲ ಬೆಳಕಿಗೆ ಹೆಚ್ಚು ಪಾರದರ್ಶಕವಾಗುತ್ತದೆ, ಕೂಡಿಬಂದ ಶಾಖ ಸೋರಿಹೋಗುತ್ತದೆ. ಮರಳಿ ತಳ್ಳಲು ಬೇಕಾದ ಬಲ ಉಳಿಯುವುದೇ ಇಲ್ಲ.

ಡೆಲ್ಟಾ ಸೆಫೈಯ ಒಳಗೆ, ಮೇಲ್ಮೈಯಿಂದ ಸ್ವಲ್ಪ ಆಳದಲ್ಲಿ, ಉಷ್ಣತೆ ಸುಮಾರು 40,000 ಕೆಲ್ವಿನ್‌ನಷ್ಟು ಇರುವ ಒಂದು ಪದರವಿದೆ. ಅಲ್ಲಿನ ಹೀಲಿಯಂ ಪರಮಾಣುಗಳು ತಮ್ಮ ಎರಡು ಎಲೆಕ್ಟ್ರಾನುಗಳಲ್ಲಿ ಒಂದನ್ನು ಆಗಲೇ ಕಳೆದುಕೊಂಡು, ಇನ್ನೊಂದನ್ನು ಕಳೆದುಕೊಳ್ಳುವ ಅಂಚಿನಲ್ಲಿರುತ್ತವೆ. ನಕ್ಷತ್ರ ಕುಗ್ಗಿ ಈ ಪದರ ಅದುಮಿಕೊಂಡಾಗ, ಬಂದ ಶಕ್ತಿಯೆಲ್ಲ ಉಷ್ಣತೆಯನ್ನು ಏರಿಸುವ ಬದಲು ಆ ಎರಡನೆಯ ಎಲೆಕ್ಟ್ರಾನನ್ನು ಕೀಳುವುದಕ್ಕೆ ವೆಚ್ಚವಾಗುತ್ತದೆ. ಉಷ್ಣತೆ ಅಷ್ಟಾಗಿ ಏರುವುದಿಲ್ಲ, ಸಾಂದ್ರತೆ ಮಾತ್ರ ಏರುತ್ತದೆ, ಪದರ ಇನ್ನಷ್ಟು ಅಪಾರದರ್ಶಕವಾಗುತ್ತದೆ. ಒಳಗಿನಿಂದ ಬರುವ ಶಾಖಕ್ಕೆ ದಾರಿ ಮುಚ್ಚಿದಂತಾಗಿ, ಕುದಿಯುವ ಪಾತ್ರೆಯ ಮುಚ್ಚಳದ ಕೆಳಗೆ ಆವಿ ಸೇರಿಕೊಂಡಂತೆ ಒತ್ತಡ ಹೆಚ್ಚಿ, ಅದು ಮೇಲಿನ ಪದರಗಳನ್ನು ಹೊರಕ್ಕೆ ತಳ್ಳುತ್ತದೆ. ಹಿಗ್ಗಿದ ಮೇಲೆ ಹೀಲಿಯಂ ಎಲೆಕ್ಟ್ರಾನನ್ನು ಮರಳಿ ಕೂಡಿಕೊಳ್ಳುತ್ತದೆ, ಪದರ ತಿಳಿಯಾಗುತ್ತದೆ, ಶಾಖ ಹೊರಗೆ ಹೋಗುತ್ತದೆ, ಆಧಾರ ಕಳೆದುಕೊಂಡ ಹೊರಪದರ ಮತ್ತೆ ಒಳಕ್ಕೆ ಬೀಳುತ್ತದೆ. ಜೋಕಾಲಿಯನ್ನು ಸರಿಯಾದ ಕ್ಷಣದಲ್ಲಿ ತಳ್ಳುವ ಕೈ ಇದೇ. ಇಂಥದೊಂದು ಕವಾಟ ಇರಬೇಕೆಂದು ಆರ್ಥರ್ ಎಡಿಂಗ್ಟನ್ ಅವರು ಊಹಿಸಿದ್ದರು. ಆ ಕೆಲಸವನ್ನು ಮಾಡುವುದು ಹೀಲಿಯಂ ಎಂದು 1950ರ ದಶಕದಲ್ಲಿ ಸರ್ಗೈ ಝೆವಾಕಿನ್ ಅವರು ತೋರಿಸಿದರು.

ಅವಧಿ ಐದು ದಿನವೇ ಏಕೆ ಎಂದು ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ, ಏಕೆಂದರೆ ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಲೆಕ್ಕ ಇದು. ಈ ನಕ್ಷತ್ರದ ದ್ರವ್ಯರಾಶಿ ಸೂರ್ಯನ ಸುಮಾರು ಐದು ಪಟ್ಟು, ಗಾತ್ರವಾದರೋ 44ರ ಘನ, ಅಂದರೆ 85,000 ಪಟ್ಟು. ಆದ್ದರಿಂದ ಇದರ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಯ ಸಾಂದ್ರತೆಯ ಹದಿನೈದನೆಯ ಒಂದು ಭಾಗದಷ್ಟು ಮಾತ್ರ. ಮಿಡಿತದ ಅವಧಿ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಸೂರ್ಯನಷ್ಟು ಸಾಂದ್ರವಾದ ಗೋಳ ಈ ರೀತಿ ಮಿಡಿದರೆ ಸುಮಾರು 0.04 ದಿನ, ಅಂದರೆ ಒಂದು ಗಂಟೆ ಹಿಡಿಯುತ್ತದೆ. 85,000ವನ್ನು ಐದರಿಂದ ಭಾಗಿಸಿ ವರ್ಗಮೂಲ ತೆಗೆದರೆ 130. ಅದನ್ನು 0.04ರಿಂದ ಗುಣಿಸಿದರೆ 5.2 ದಿನ. ನೀವು ಕಣ್ಣಿನಿಂದ ಕಂಡ ಅವಧಿಗೆ ಕಾಗದದ ಮೇಲಿನ ಮೂರು ಸಾಲು ಇಷ್ಟು ಹತ್ತಿರ ಬರುತ್ತದೆ. ದೊಡ್ಡದಾದ, ಹೆಚ್ಚು ಬೆಳಕು ಸೂಸುವ ನಕ್ಷತ್ರ ಹೆಚ್ಚು ವಿರಳವಾಗಿರುವುದರಿಂದ ನಿಧಾನವಾಗಿ ಮಿಡಿಯುತ್ತದೆ. 1912ರಲ್ಲಿ ಹೆನ್ರಿಯೆಟಾ ಲೆವಿಟ್ ಅವರು ಸಣ್ಣ ಮೆಗೆಲಾನಿಕ್ ಮೋಡ ಎಂಬ ನೆರೆಯ ಗೆಲಾಕ್ಸಿಯ 25 ನಕ್ಷತ್ರಗಳಲ್ಲಿ ಅವಧಿಗೂ ಹೊಳಪಿಗೂ ಇರುವ ನಂಟನ್ನು ತೋರಿಸಿಕೊಟ್ಟಿದ್ದಕ್ಕೆ ಕಾರಣ ಇಲ್ಲಿದೆ. 1923ರಲ್ಲಿ ಎಡ್ವಿನ್ ಹಬಲ್ ಅವರು ಆಂಡ್ರೊಮಿಡಾದಲ್ಲಿ ಇಂಥದೊಂದು ನಕ್ಷತ್ರವನ್ನು ಕಂಡು, ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯದೇ ಗೆಲಾಕ್ಸಿ ಎಂದು ಲೆಕ್ಕ ಹಾಕಿದ್ದೂ ಇದೇ ನಂಟಿನಿಂದ.

ಎಲ್ಲ ಹಳದಿ ಮಹಾದೈತ್ಯಗಳೂ ಹೀಗೆ ಮಿಡಿಯುವುದಿಲ್ಲ. ಹೀಲಿಯಂನ ಆ ಪದರ ಸರಿಯಾದ ಆಳದಲ್ಲಿರಬೇಕು. ನಕ್ಷತ್ರ ಹೆಚ್ಚು ಬಿಸಿಯಾಗಿದ್ದರೆ ಪದರ ಮೇಲ್ಮೈಗೆ ತೀರ ಹತ್ತಿರವಿದ್ದು, ತಳ್ಳಲು ಬೇಕಾದಷ್ಟು ಅನಿಲ ಅಲ್ಲಿರುವುದಿಲ್ಲ. ಹೆಚ್ಚು ತಂಪಾಗಿದ್ದರೆ ಹೊರಪದರಗಳಲ್ಲಿ ಅನಿಲವೇ ಕುದಿದು ಮೇಲೆಕೆಳಗಾಗುತ್ತ ಶಾಖವನ್ನು ಸಾಗಿಸುವುದರಿಂದ ಕವಾಟ ಕೆಲಸ ಮಾಡುವುದಿಲ್ಲ. ಮಹಾಶ್ವಾನ ಪುಂಜದ ವೆಝೆನ್ 1.8ರ ಉಜ್ಜ್ವಲಾಂಕದ ಹಳದಿ ಮಹಾದೈತ್ಯ, ಸೂರ್ಯನ ಹತ್ತಾರು ಸಾವಿರ ಪಟ್ಟು ಬೆಳಕು ಸೂಸುತ್ತದೆ, ಆದರೆ ಕಣ್ಣಿಗೆ ಸ್ಥಿರವಾಗಿಯೇ ಕಾಣುತ್ತದೆ. ಧ್ರುವ ನಕ್ಷತ್ರವೂ ಹಳದಿ ಮಹಾದೈತ್ಯವೇ, ನಾಲ್ಕು ದಿನಕ್ಕೊಮ್ಮೆ ಮಿಡಿಯುತ್ತದೆ ಕೂಡ, ಆದರೆ ಅದರ ಏರಿಳಿತ ಒಂದು ಉಜ್ಜ್ವಲಾಂಕದ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಇರುವುದರಿಂದ ಕಣ್ಣಿಗೆ ಸಿಗುವುದಿಲ್ಲ. ಅಚಲತೆಗೆ ಹೆಸರಾದ ನಕ್ಷತ್ರವೇ ಮೆಲ್ಲನೆ ಮಿಡಿಯುತ್ತಿದೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಇವೆಲ್ಲ ವಿರಳವಾಗಿರುವುದಕ್ಕೂ ಕಾರಣವಿದೆ. ನಕ್ಷತ್ರದ ಬಾಳಿನಲ್ಲಿ ಹಳದಿ ಎಂಬುದು ಹಾಯ್ದುಹೋಗುವ ದಾರಿ. ಡೆಲ್ಟಾ ಸೆಫೈ ಮೊದಲು ನೀಲಿಛಾಯೆಯ ಬಿಸಿ ನಕ್ಷತ್ರವಾಗಿತ್ತು, ತಿರುಳಿನ ಹೈಡ್ರೋಜನ್ ಮುಗಿದ ಮೇಲೆ ಉಬ್ಬಿ ಕೆಂಪಾಯಿತು, ಈಗ ತಿರುಳಿನಲ್ಲಿ ಹೀಲಿಯಂ ಉರಿಸುತ್ತ ಮತ್ತೆ ಬಿಸಿಯ ಕಡೆಗೆ ಹೊರಳುವಾಗ ಹಳದಿ ಪಟ್ಟಿಯನ್ನು ದಾಟುತ್ತಿದೆ. ಹಳೆಯ ದುರ್ಬೀನು ಅವರು ಹೇಳಿದ ಅವಧಿಯ ಇಳಿಕೆ ಇದಕ್ಕೆ ಸಾಕ್ಷಿ: ನಕ್ಷತ್ರ ಮೆಲ್ಲನೆ ಕಿರಿದಾಗುತ್ತಿದೆ, ಆದ್ದರಿಂದ ಸಾಂದ್ರತೆ ಹೆಚ್ಚಿ ಅವಧಿ ಕಡಿಮೆಯಾಗುತ್ತಿದೆ.

ರೋಹಿತರೇಖೆ

ತಾರಾಪಥ ಅವರ ವಿವರಣೆಗೆ ಒಂದು ಸಣ್ಣ ಸೇರ್ಪಡೆ, ಇಲ್ಲದಿದ್ದರೆ ನಾನು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಹೊಂದಿಕೆಯಿಲ್ಲ ಎನಿಸಬಹುದು. ಶಾಖ ಅತಿ ಹೆಚ್ಚು ತುಂಬಿಕೊಳ್ಳುವುದು ನಕ್ಷತ್ರ ಅತಿ ಚಿಕ್ಕದಾಗಿರುವಾಗ, ಆದರೆ ಹೊಳಪಿನ ತುದಿ ಬರುವುದು ಅದಾದ ಸ್ವಲ್ಪ ಹೊತ್ತಿನ ನಂತರ. ಮೇಲ್ಮೈಗೆ ಇನ್ನೂ ಹತ್ತಿರ, ಹೀಲಿಯಂ ಪದರದ ಮೇಲೆ, ಹೈಡ್ರೋಜನ್ ಅಯಾನೀಕರಣಗೊಳ್ಳುವ, ಅಂದರೆ ತನ್ನ ಎಲೆಕ್ಟ್ರಾನನ್ನು ಕಳೆದುಕೊಳ್ಳುವ, ಮತ್ತೊಂದು ಪದರವಿದೆ. ಕೆಳಗಿನಿಂದ ಬಂದ ಶಾಖವನ್ನು ಅದು ಕೆಲಕಾಲ ತಡೆದು ತಡವಾಗಿ ಬಿಡುತ್ತದೆ. ಹೊಳಪಿನ ತುದಿ ಗಾತ್ರದ ಕನಿಷ್ಠಕ್ಕೆ ಸೇರದೆ, ಹೊರಕ್ಕೆ ನುಗ್ಗುವ ಹೊತ್ತಿಗೆ ಸರಿದುಹೋಗುವುದು ಆ ತಡೆಯಿಂದ.

ಉತ್ತರದಿಕ್ಕು (ಪ್ರಶ್ನೆ ಕೇಳಿದವರು)

ಈಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ನಿನ್ನೆ ರಾತ್ರಿ ನನ್ನ ಎಲ್ಲ ಅಂದಾಜುಗಳನ್ನು ತೆಗೆದುಕೊಂಡು, ಮೊದಲ ಹೊಳಪಿನ ತುದಿಯಿಂದ ಕಳೆದ ದಿನಗಳನ್ನು 5.366ರಿಂದ ಭಾಗಿಸಿ, ಉಳಿದ ಭಿನ್ನರಾಶಿಯನ್ನು ಮಾತ್ರ ಇಟ್ಟುಕೊಂಡು ಒಂದೇ ನಕ್ಷೆಯಲ್ಲಿ ಗುರುತಿಸಿದೆ. ಆರು ವಾರಗಳ ಚದುರಿದ ಚುಕ್ಕೆಗಳು ಒಂದರ ಮೇಲೊಂದು ಬಂದು ಕುಳಿತು, ಉದ್ದನೆಯ ಇಳಿಜಾರೊಂದು ಸ್ಪಷ್ಟವಾಗಿ ಮೂಡಿತು. ಆ ಇಳಿಜಾರಿನ ನಡುವೆ, 0.4ರ ಹತ್ತಿರ, ನಕ್ಷತ್ರ ಅತಿ ದೊಡ್ಡದಾಗಿರುವ ಜಾಗ ಎಂದು ಪೆನ್ಸಿಲಿನಿಂದ ಬರೆದಿದ್ದೇನೆ. ಅಲ್ಲಿ ನೋಡಿದ ಮೂರು ರಾತ್ರಿಗಳಂದೂ ಡೆಲ್ಟಾ ಎಪ್ಸಿಲಾನ್‌ಗಿಂತ ಸ್ವಲ್ಪವೇ ಮೇಲಿತ್ತು.

ಏರುವ ಬದಿಯಲ್ಲಿ ಮಾತ್ರ ಎರಡೇ ಚುಕ್ಕೆಗಳಿವೆ. ಮುಂದಿನ ಏರಿಕೆ ರಾತ್ರಿಯ ಹೊತ್ತಿನಲ್ಲೇ ಬೀಳುವ ದಿನವನ್ನು ಲೆಕ್ಕ ಹಾಕಿ ಗುರುತಿಸಿಕೊಂಡಿದ್ದೇನೆ. ಮೋಡ ಅಡ್ಡ ಬರದಿದ್ದರೆ ಆ ರಾತ್ರಿ ಕತ್ತಲಾದಾಗಿನಿಂದ ಎರಡು ಗಂಟೆಗೊಮ್ಮೆ ಎದ್ದು ಬಂದು ಅಂದಾಜು ಬರೆದು, ಇಲ್ಲಿಯೇ ತಿಳಿಸುತ್ತೇನೆ.